ಡಬ್ಬಿ ತೆರೆಯುವ ಮೊದಲು

ಕಳಸ,
ಬುಧವಾರ, ೪ ಡಿಸೆಂಬರ್ ೨೦೨೪

ತಂಗಿ ಯಶೋದಾಳಿಗೆ ಅಕ್ಕ ಅಣ್ಣಮ್ಮ ಬರೆಯುವುದು.

ನಾವು ಇಲ್ಲಿ ಕ್ಷೇಮ, ನೀವು ಅಲ್ಲಿ ಕ್ಷೇಮವೇ ಅಂತ ಮೊದಲ ಸಾಲು ಬರೆಯಬೇಕು. ಮೇಷ್ಟ್ರು ಹಾಗೇ ಕಲಿಸಿದ್ದರು. ಈ ಸಲ ಆ ಸಾಲು ಬಿಟ್ಟಿದ್ದೇನೆ. ಯಾಕೆ ಅಂತ ಕೇಳಬೇಡ, ಮುಂದೆ ಓದು.

ಕಾಗದದ ಜೊತೆ ನಿನ್ನ ಬಿಸ್ಕತ್ತಿನ ಡಬ್ಬಿಯೂ ಬಂದಿರುತ್ತದೆ. ಅದರ ಮುಚ್ಚಳಕ್ಕೆ ಈಗಲೇ ಕೈ ಹಾಕಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ? ಎಡೆ ಇಡುವ ಮೊದಲೇ ಕಡುಬಿನ ಪಾತ್ರೆಯ ಮುಚ್ಚಳ ಎತ್ತಿ, ಬೆರಳು ಸುಟ್ಟುಕೊಂಡು, ಬೈಸಿಕೊಂಡವಳು ನೀನು. ಕಾಗದ ಕೊನೆಯವರೆಗೆ ಓದು. ಆಮೇಲೆ ಡಬ್ಬಿ ತೆರೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನಾನು ಎರಡು ಮಾತು ಬೈದ ಕೂಡಲೇ "ಅಕ್ಕಾ, ಸಿಗ್ನಲ್ ಇಲ್ಲ, ಎಂತ ಹೇಳ್ತೀಯೋ ಕೇಳ್ತಾನೇ ಇಲ್ಲ" ಅಂತ ಕತ್ತರಿಸುತ್ತೀ. ಬೈಯದೆ ಮಾತಾಡೋಕೆ ನನಗೆ ಬರುವುದಿಲ್ಲ. ಹಾಗಾಗಿ ಕಾಗದ. ಅಕ್ಷರ ಕೋಳಿ ಕೆದರಿದ ಹಾಗೆ ಕಂಡರೆ ನಗಬೇಡ. ನಾಲ್ಕನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದ್ದು ನಿನ್ನನ್ನು ಎತ್ತಿಕೊಳ್ಳೋಕೆ. ಅಮ್ಮ ಕಾಫಿ ಹಣ್ಣು ಕೊಯ್ಯೋಕೆ ಹೋದರೆ, ನನ್ನ ಎಡ ಸೊಂಟದ ಮೇಲೆ ನೀನು, ಬಲಗೈಯಲ್ಲಿ ಒಲೆಯ ಕೆಲಸ. ನಡೆಯೋಕೆ ಕಲಿತ ಮೇಲೂ ನನ್ನ ಎಡಗೈ ಬಿಟ್ಟವಳಲ್ಲ. ಮದುವೆಯಾಗಿ ಆಲ್ದೂರಿನ ಕಡೆಗೆ ಹೋಗುವ ದಿನವೂ ಅದೇ ಕೈ ಹಿಡಿದುಕೊಂಡು ಅತ್ತವಳು ನೀನು. ಅಷ್ಟು ಸಲಿಗೆ ಇರುವವಳು ನಾನು ಬೈದದ್ದನ್ನೂ ಓದಬೇಕು.

ಸರಿ, ವಿಷಯಕ್ಕೆ ಬರುತ್ತೇನೆ. ಭುವನಾಗೆ ಆ ಮಾತ್ರೆ ಕೊಡಬೇಡ.

ನಮ್ಮ ಬಸ್ಸಿನ ಕಂಡಕ್ಟರ್ ಪ್ರಶಾಂತ್ ನೋಡಿದನಂತೆ, ಬಂದು ಹೇಳಿದ. ಆಲ್ದೂರಿನಲ್ಲಿ ಬಸ್ಸು ನಿಂತಾಗ ನೀನೂ ಭುವನಾಳೂ ಅಂಗಡಿಯ ಕಟ್ಟೆಯ ಹತ್ತಿರ ನಿಂತಿದ್ದಿರಂತೆ. ಹುಡುಗಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಕಂಬಕ್ಕೆ ಒರಗಿದ್ದಳಂತೆ. ನೀನು ಸೆರಗಿನ ಗಂಟು ಬಿಚ್ಚಿ, ಪೊಟ್ಟಣ ತೆಗೆದು, ಮಾತ್ರೆಯನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡಿ, ಅರ್ಧ ನಿನ್ನ ಮಗಳ ಬಾಯಿಗೆ ಹಾಕಿದೆಯಂತೆ. ಅವಳು ಬಸುರಿ, ಯಶೋದಾ. ಏಳು ತಿಂಗಳು ತುಂಬಿದೆ. ಅರ್ಧ ಮಾತ್ರೆ ಕೊಟ್ಟರೆ ತಪ್ಪೂ ಅರ್ಧವಾಗುತ್ತದೆ ಅಂದುಕೊಂಡೆಯಾ?

"ಅರ್ಧ ಅಲ್ವಾ ಅಕ್ಕ, ಎಂತ ಆಗ್ತದೆ ಮಾರಾಯ್ತಿ" ಅಂತ ನೀನು ಹೇಳುವುದು ನನಗೆ ಇಲ್ಲಿಗೇ ಕೇಳುತ್ತಿದೆ. ಆಗುತ್ತದೆ. ಎಂತ ಆಗುತ್ತದೆ ಅಂತ ಬರೆಯೋಕೇ ಕೂತಿದ್ದೇನೆ.

ಮೊದಲು ಒಂದು ಮಾತು ಹೇಳು. ಆ ಮಾತ್ರೆಯ ಹೆಸರು ನಿನಗೆ ಗೊತ್ತಾ? ನನಗೂ ಗೊತ್ತಿಲ್ಲ. ಬಟವಾಡೆಯ ದಿನ ಎಸ್ಟೇಟಿನ ಗೇಟಿನ ಹತ್ತಿರ ಬೈಕ್ ನಿಲ್ಲಿಸಿ, ಕೂಲಿ ತೆಗೆದುಕೊಂಡು ಹೊರಗೆ ಬರುವವರ ಮಂಡಿ ಒತ್ತಿ ನೋಡಿ, ಪೊಟ್ಟಣ ಕಟ್ಟಿಕೊಡುವ ಮನುಷ್ಯ ಅವನು. ಅವನಿಗೆ ಮಂಡಿ ಡಾಕ್ಟ್ರು ಅಂತ ಹೆಸರಿಟ್ಟವರು ನೀವೇ. ಅವನು ಡಾಕ್ಟ್ರೇ ಹೌದಾ ಅಂತ ಯಾರೂ ಕೇಳಲಿಲ್ಲ. ಅಂಗಡಿಯ ಮಾತ್ರೆಗೆ ಹಾಳೆ ಇರುತ್ತದೆ, ಹಾಳೆಯ ಮೇಲೆ ಹೆಸರು, ತಾರೀಖು ಇರುತ್ತದೆ. ಅವನು ಅದನ್ನೆಲ್ಲ ಬಿಡಿಸಿ ಎಸೆದು, ಬರೀ ಮಾತ್ರೆಯನ್ನು ಪೇಪರ್ ತುಂಡಿನಲ್ಲಿ ಸುತ್ತಿ ಕೊಡುತ್ತಾನೆ. ಗುಲಾಬಿ ಬಣ್ಣದ್ದು, ಹಳದಿಯದು, ಮತ್ತೊಂದು ಬಿಳಿಯ ಚಿಕ್ಕದು. ಸಂತೆಯಲ್ಲಿ ಖಾರದ ಪುಡಿಯನ್ನು ಮೂಸಿ ನೋಡಿ, "ಇದು ಇಟ್ಟಿಗೆ ಪುಡಿ" ಅಂತ ಅಂಗಡಿಯವನ ಮಾನ ಕಳೆದು ವಾಪಸ್ಸು ಕೊಡುವವಳು ನೀನು. ಮಾತ್ರೆಯನ್ನು ಮಾತ್ರ ಕಣ್ಣು ಮುಚ್ಚಿ ನುಂಗಿದೆ. ನಾನೂ ನುಂಗಿದೆ ಅನ್ನು.

ನೀನು ಕಳಿಸಿದ್ದರಲ್ಲಿ ದುರುದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಪಾತ್ರೆಯನ್ನು ಖಾಲಿ ವಾಪಸ್ಸು ಕಳಿಸಬಾರದು ಅಂತ ಅಮ್ಮ ಹೇಳಿಕೊಟ್ಟದ್ದು ಇಬ್ಬರಿಗೂ. ನಾನು ಡಬ್ಬಿಯಲ್ಲಿ ಕಳಲೆ ಉಪ್ಪಿನಕಾಯಿ ಹಾಕಿ ಕಳಿಸಿದರೆ ನೀನು ಕೋಡುಬಳೆ ತುಂಬಿಸಿ ಕಳಿಸುತ್ತಿದ್ದೆ. ನಾನು ಜೀರಿಗೆ ಮೆಣಸು ಕಳಿಸಿದರೆ ನೀನು ಒಣ ಸೀಗಡಿ. ಒಂದು ಕೊಯ್ಲಿನ ಹೊತ್ತಿಗೆ ನನ್ನ ಮಂಡಿ ಊದಿ ಇಳಿಜಾರಿನಲ್ಲಿ ಕಾಲು ಊರೋಕೆ ಆಗುತ್ತಿರಲಿಲ್ಲ. ಆಗ ಡಬ್ಬಿಯಲ್ಲಿ ಕೋಡುಬಳೆಯ ಮೇಲೆ ಒಂದು ಪೊಟ್ಟಣ ಬಂತು. "ಅಕ್ಕಾ, ನಾನು ನುಂಗಿ ನೋಡಿದೀನಿ, ಕಾಲು ಹುಡುಗಿ ಕಾಲಾಗ್ತದೆ" ಅಂತ ಫೋನ್ ಮಾಡಿದೆ. ಸುಳ್ಳಲ್ಲ, ಹಾಗೇ ಆಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೆಲ್ಲದ ಕಾಫಿಯ ಜೊತೆ ನುಂಗಿ ತೋಟಕ್ಕೆ ಇಳಿದರೆ ಸಂಜೆ ತೂಕಕ್ಕೆ ಹಣ್ಣಿನ ಮೂಟೆ ಹೊತ್ತು ನಾನೇ ಮುಂದೆ. ಮೇಸ್ತ್ರಿ ನೋಡಿ, "ಎಂತ ಅಣ್ಣಮ್ಮ, ವಯಸ್ಸು ಹಿಂದಕ್ಕೆ ಹೋಗ್ತಾ ಉಂಟಾ ನಿಂಗೆ?" ಅಂತ ನಕ್ಕ. ನಾನೂ ನಕ್ಕೆ. ಆಮೇಲೆ ಡಬ್ಬಿಯಲ್ಲಿ ಕೋಡುಬಳೆ ಕಡಿಮೆಯಾಯಿತು, ಪೊಟ್ಟಣ ಜಾಸ್ತಿಯಾಯಿತು. ಒಂದು ಕೊಯ್ಲಲ್ಲ, ನಾಲ್ಕೈದು ಕೊಯ್ಲು ಹಾಗೇ ಹೋಯಿತು. ಕೊಯ್ಲು ಮುಗಿದರೂ ಮಾತ್ರೆ ಮುಗಿಯಲಿಲ್ಲ. ಬಿಟ್ಟ ದಿನ ಮಂಚದಿಂದ ಏಳೋಕೇ ಆಗುತ್ತಿರಲಿಲ್ಲ.

ನಾನು ಅದನ್ನು ಬಿಟ್ಟು ಬಹಳ ದಿನವಾಯಿತು. ಹೊಟ್ಟೆ ಉರಿ ಶುರುವಾಯಿತು, ಬಿಟ್ಟೆ. ಅಷ್ಟೇ. ಇನ್ನು ಕಳಿಸಬೇಡ ಅಂದದ್ದಕ್ಕೆ ನೀನು, "ಅಕ್ಕನಿಗೆ ನನ್ನ ಡಬ್ಬಿ ಬೇಡವಾಯ್ತು" ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆಯಂತೆ. ತಿರುಗು. ಮಂಡಿ ಹೇಗೂ ಸರಿಯಿದೆಯಲ್ಲ.

ಭುವನಾಳ ಸೀಮಂತಕ್ಕೆ ನಾನು ಬರಲಿಲ್ಲ ಅನ್ನುವ ಸಿಟ್ಟೂ ಇದೆ ನಿನಗೆ. ಅವತ್ತು ಗುರುವಾರ. ಜೀಪು ಸಿಗಲಿಲ್ಲ ಅಂತ ಹೇಳಿ ಕಳಿಸಿದ್ದೆ, ನೀನು ನಂಬಲಿಲ್ಲ. ಬಿಡು. ದೊಡ್ಡಮ್ಮ ಬರದಿದ್ದರೂ ದೊಡ್ಡಮ್ಮನ ಪಾಲಿನ ಹಸಿರು ಬಳೆ ಕಳಿಸಿದ್ದೀಯ. ಬಲಗೈಗೆ ತೊಟ್ಟುಕೊಂಡಿದ್ದೇನೆ. ಎಡಗೈಗೆ ಬಿಗಿಯಾಯಿತು, ಹಾಕಲಿಲ್ಲ. ಪುಟ್ಟಬಾಳೆ ಹಣ್ಣನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ಇನ್ನು ಮೇಲೆ ಬಾಳೆಹಣ್ಣು ಕಳಿಸಬೇಡ, ನನಗೆ ಸೇರುವುದಿಲ್ಲ.

ನಿನಗೆ ಬರೀ ಬೇಡ ಅಂದರೆ ಸಾಲದು, ಕಾರಣ ಬೇಕು. ಹಾಗಾದರೆ ಕೇಳು.

ನಮ್ಮ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಕೊನೆಯಲ್ಲಿ ರುಕ್ಮಿಣಮ್ಮ ಅಂತ ಇದ್ದಾಳೆ. ನೀನು ನೋಡಿಲ್ಲ. ನನ್ನದೇ ವಯಸ್ಸು, ಹಣ್ಣು ಕೊಯ್ಯುವವಳು. ಅವಳೂ ಹೀಗೇ ಪೊಟ್ಟಣದ ಮಾತ್ರೆ ನುಂಗುತ್ತಿದ್ದಳು. ಮೊದಮೊದಲು ಕೆನ್ನೆ ತುಂಬಿಕೊಂಡಿತು. ನೋಡಿದವರೆಲ್ಲ "ಮೈ ಕೈ ತುಂಬಿ ಚೆನ್ನಾಗಾಗಿದೀಯ" ಅಂದರು, ಇವಳು ಉಬ್ಬಿದಳು. ಆಮೇಲೆ ಬೆಳಿಗ್ಗೆ ಎದ್ದರೆ ಕಣ್ಣಿನ ಕೆಳಗೆ ಊತ. ಸಂಜೆ ಪಾದ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನೀರು ಕುಡಿದಷ್ಟು ಹೊರಗೆ ಹೋಗುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ, ಬಾಯಲ್ಲಿ ತುಕ್ಕು ನೆಕ್ಕಿದ ರುಚಿ. ಯಾರೋ ದೃಷ್ಟಿಯಾಗಿದೆ ಅಂದರು, ಮೆಣಸಿನಕಾಯಿ ಸುಟ್ಟಳು. ಯಾರೋ ಪಿತ್ತ ಅಂದರು, ಕಷಾಯ ಕುಡಿದಳು. ಹೊರನಾಡಿಗೆ ಹರಕೆಯನ್ನೂ ಹೊತ್ತಳು. ಆಸ್ಪತ್ರೆಗೆ ಮಾತ್ರ ಹೋಗಲಿಲ್ಲ. ಕೊಯ್ಲು ಬಿಟ್ಟು ಯಾರು ಹೋಗುತ್ತಾರೆ ಹೇಳು.

ಒಂದು ದಿನ ತೋಟದ ದಾರಿ ಹತ್ತುವಾಗ ಉಸಿರು ಸಿಕ್ಕಿಕೊಂಡು ಗಿಡದ ಬುಡದಲ್ಲೇ ಕೂತಳು. ಕಳಸದ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದವರು ಗಾಬರಿಯಾಗಿ ನೇರ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟ್ರು, "ಅಜ್ಜಿ, ಯಾವ್ಯಾವ ಮಾತ್ರೆ ತಗೋತೀರಾ?" ಅಂತ ಕೇಳಿದರು. ಇವಳು "ಯಾವ್ದೂ ಇಲ್ಲ" ಅಂದಳು. ಬೇಕಂತಲೇ ಸುಳ್ಳು ಹೇಳಿದ್ದಲ್ಲ. ಒಡಹುಟ್ಟಿದವರು ಕೋಡುಬಳೆಯ ಜೊತೆ ಕಳಿಸಿದ್ದನ್ನು ಮದ್ದು ಅಂತ ಯಾರು ಲೆಕ್ಕ ಹಾಕುತ್ತಾರೆ? ಡಾಕ್ಟ್ರು ಬಿಡಲಿಲ್ಲ. "ನೋವಿಗೆ? ಮಂಡಿಗೆ? ಯಾರಾದ್ರೂ ಕೊಟ್ಟಿದ್ದು?" ಅಂತ ಕೆದಕಿ ಕೆದಕಿ ಕೇಳಿದ ಮೇಲೆ ಹೇಳಿದಳು. ಅವರು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ, ಎರಡೂ ಕಿಡ್ನಿ ಸೋತು ಹೋಗಿವೆ ಅಂದರು. ಬಿ.ಪಿ. ಇದ್ದದ್ದೇ ಇವಳಿಗೆ ಗೊತ್ತಿರಲಿಲ್ಲ. ಅದರ ಮೇಲೆ ವರ್ಷಗಟ್ಟಲೆ ಹೆಸರಿಲ್ಲದ ನೋವಿನ ಮಾತ್ರೆ. ಎರಡೂ ಸೇರಿ ಒಳಗೇ ತಿಂದು ಹಾಕಿದ್ದವು.

ನೋಡು, ಮಂಡಿ ನೊಂದರೆ ಕೂಗುತ್ತದೆ. ಕಿಡ್ನಿ ಕೂಗುವುದಿಲ್ಲ. ಸುಮ್ಮನೆ ಸಾಯುತ್ತದೆ.

ಈಗ ರುಕ್ಮಿಣಮ್ಮ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ದೊಡ್ಡಾಸ್ಪತ್ರೆಗೆ ಹೋಗುತ್ತಾಳೆ. ಮೈಯ ರಕ್ತವನ್ನೆಲ್ಲ ನಳಿಗೆಯಲ್ಲಿ ಹೊರಗೆ ತೆಗೆದು, ಯಂತ್ರದಲ್ಲಿ ತೊಳೆದು, ಮತ್ತೆ ಒಳಗೆ ಬಿಡುತ್ತಾರೆ. ಪಲ್ಪರ್ ಮನೆಯಲ್ಲಿ ಕಾಫಿ ಬೀಜ ತೊಳೆಯುವುದಿಲ್ಲವಾ, ಹಾಗೆ. ಹೊರಗೆ ಬರುವಾಗ ಗಿಡದಿಂದ ಬಿದ್ದ ಎಲೆಯ ಹಾಗೆ ಇರುತ್ತಾಳೆ. ಉಪ್ಪು ಕಡಿಮೆ. ಬಾಳೆಹಣ್ಣು, ಎಳನೀರು ಇಲ್ಲ. ನೀರನ್ನೂ ಅಳತೆಯಲ್ಲೇ ಕುಡಿಯಬೇಕು. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವಳು, ಒಂದು ಚಿಕ್ಕ ಲೋಟದ ಕಾಫಿಯನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಎಳೆಯುತ್ತಾಳೆ. ಗಂಡ ಎದುರಿಗೆ ಕೂತು ಕುಡಿಯೋಕೆ ನಾಚಿಕೆಯಾಗಿ ಹಿತ್ತಲಿಗೆ ಹೋಗಿ ಕುಡಿದು ಬರುತ್ತಾರೆ.

ಜೊತೆಗೆ ಯಾರೂ ಇಲ್ಲದಾಗ ನಾನು ಹೋಗುತ್ತೇನೆ. ಅದಕ್ಕೇ ಇಷ್ಟೆಲ್ಲ ಗೊತ್ತು.

ಈಗ ಏಳು. ಪೊಟ್ಟಣ ಎಲ್ಲಿದೆಯೋ ತೆಗಿ. ಒಲೆಗೆ ಹಾಕು. ಒಂದೂ ಉಳಿಸಬೇಡ. ಇವತ್ತಿನಿಂದಲೇ ನೀನೂ ನುಂಗುವುದನ್ನು ನಿಲ್ಲಿಸು.


ಶುಕ್ರವಾರ

ಮೇಲಿನ ಕೊನೆಯ ಸಾಲುಗಳ ಮೇಲೆ ಗೀಟು ಎಳೆದಿದ್ದೇನೆ, ನೋಡು. ಒಲೆಗೆ ಹಾಕಬೇಡ. ಓದುವಾಗಲೇ ಎದ್ದು ಹೋಗಿ ಹಾಕಿಬಿಟ್ಟಿದ್ದರೆ, ಹಾಕಿದೆ ಅಂತಲೇ ಆಸ್ಪತ್ರೆಯಲ್ಲಿ ಹೇಳು.

ನಿನ್ನೆ ರುಕ್ಮಿಣಮ್ಮನ ಜೊತೆ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಅಲ್ಲಿ ರಕ್ತ ತೊಳೆಯುವ ಕಡೆ ಸುಭದ್ರಾ ಅಂತ ಒಬ್ಬ ನರ್ಸಮ್ಮ ಇದ್ದಾರೆ. ತಂಗಿಗೆ ಹೀಗೆ ಬರೆದಿದ್ದೇನೆ ಅಂತ ಜಂಬದಲ್ಲಿ ಹೇಳಿದೆ. ಅವರು ಸೊಂಟಕ್ಕೆ ಕೈಯಿಟ್ಟುಕೊಂಡು, "ಏನಜ್ಜಿ ನೀವು! ಒಲೆಗೆ ಹಾಕು ಅಂತ ಬರ್ದುಬಿಟ್ರಾ? ಬೈಯೋಕೆ ಮೊದ್ಲು ಒಂದ್ ಮಾತು ಕೇಳ್ಬಾರ್ದಾ?" ಅಂದರು. ನನಗೆ ಹಾಗೆ ಹೇಳಿ ಅವರು ಇನ್ನೂ ಬದುಕಿದ್ದಾರೆ ಅಂತ ನಿನಗೆ ಆಶ್ಚರ್ಯವಾಗಬಹುದು.

ಅವರು ಡಾಕ್ಟ್ರನ್ನೇ ಕರೆದರು. ಡಾಕ್ಟ್ರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಇಂಥ ಪೊಟ್ಟಣಗಳಲ್ಲಿ ಬರೀ ನೋವಿನ ಮಾತ್ರೆ ಇರುವುದಿಲ್ಲ. ಸ್ಟೆರಾಯ್ಡ್ ಅನ್ನುವುದೂ ಸೇರಿರಬಹುದಂತೆ. ಕಾಲು ಹುಡುಗಿ ಕಾಲಾಗುವುದು, ಹಸಿವು ಹೆಚ್ಚುವುದು, ಕೆನ್ನೆ ದುಂಡಗಾಗಿ ಹೊಳೆಯುವುದು ಅದರಿಂದಲೂ ಇರಬಹುದಂತೆ. ನಿನ್ನ ಕೆನ್ನೆ ಹೇಗಾಗಿದೆ ಅಂತ ಕನ್ನಡಿಯಲ್ಲಿ ನೋಡಿಕೋ. ಅಂಥ ಮಾತ್ರೆಯನ್ನು ಬಹಳ ದಿನ ನುಂಗಿದವರು ಒಂದೇ ದಿನಕ್ಕೆ ನಿಲ್ಲಿಸಿದರೆ ಬಿ.ಪಿ. ಇಳಿದು, ಸುಸ್ತಾಗಿ ಬಿದ್ದು, ಪ್ರಾಣಕ್ಕೇ ಬರಬಹುದಂತೆ. ಬಿಡಬೇಕು, ಆದರೆ ಡಾಕ್ಟ್ರು ನೋಡಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು. ಬೆಟ್ಟ ಇಳಿಯುವಾಗ ಮೆಟ್ಟಿಲ ಮೇಲೆ ಇಳಿಯಬೇಕು, ಹಾರಬಾರದು. ಇದು ಅವರು ಹೇಳಿದ ಮಾತಲ್ಲ, ನಾನು ಅರ್ಥ ಮಾಡಿಕೊಂಡದ್ದು.

ನಾನು ಹೊಟ್ಟೆ ಉರಿ ಅಂತ ಒಂದೇ ಸಲ ಬಿಟ್ಟೆನಲ್ಲ ಅಂತ ವಾದ ತೆಗೆಯಬೇಡ. ನನ್ನದು ಬೇರೆ ವಿಚಾರ.

ಭುವನಾಳ ವಿಷಯ ಮಾತ್ರ ಬೇರೆ. ಅವಳಿಗೆ ಇನ್ನು ಒಂದು ಚೂರೂ ಕೊಡಬೇಡ. ಈ ತಿಂಗಳುಗಳಲ್ಲಿ ಡಾಕ್ಟ್ರು ಹೇಳದೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯೊಳಗಿನ ಕೂಸಿನ ಕಿಡ್ನಿಗೇ ಪೆಟ್ಟು ಬೀಳಬಹುದು, ಕೂಸಿನ ಸುತ್ತ ಇರುವ ನೀರು ಕಡಿಮೆಯಾಗಬಹುದು, ಎದೆಗೂ ತೊಂದರೆಯಾಗಬಹುದು ಅಂತ ಡಾಕ್ಟ್ರು ಹೇಳಿದರು. "ಎಷ್ಟು ಕೊಟ್ಟಿದಾರೆ? ಎಷ್ಟು ದಿನದಿಂದ?" ಅಂತ ಕೇಳಿದರು. ನನಗೇನು ಗೊತ್ತು? ಗೊತ್ತಿರುವವಳು ನೀನು. ಒಂದೆರಡು ಸಲ ಅಂತಾದರೆ ಹೆದರಿ ಸಾಯಬೇಡಿ, ಆದರೆ ತಡ ಮಾಡದೆ ಬಂದು ತೋರಿಸಿ ಅಂದರು. ಸ್ಕ್ಯಾನ್ ಮಾಡಿ ನೋಡುತ್ತಾರಂತೆ. ಬಸುರಿಯ ಸೊಂಟ ನೋವಿಗೆ ಅವರ ಹತ್ತಿರವೇ ಬೇರೆ ಉಪಾಯ ಇದೆಯಂತೆ.

ಅಲ್ಲಿ ಕೇಳಿದಾಗ ಸುಳ್ಳು ಹೇಳಬೇಡ. ಮಂಡಿ ಡಾಕ್ಟ್ರ ಮರ್ಯಾದೆ ಕಾಯೋಕೆ ಹೋಗಬೇಡ, ನಿನ್ನ ಮರ್ಯಾದೆಯನ್ನೂ. ಪೊಟ್ಟಣವನ್ನು ಇದ್ದ ಹಾಗೇ ತೆಗೆದುಕೊಂಡು ಹೋಗು, ಬಣ್ಣ ಆರಿಸಿ ಬೇರೆ ಮಾಡಬೇಡ. ನಿನಗೂ ಬಿ.ಪಿ. ನೋಡಿಸು, ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸು. ಮಾತ್ರೆ ಕಡಿಮೆಯಾಗುತ್ತಾ ಮಂಡಿ ನೊಂದರೆ ನೋಯಲಿ. ಅದಕ್ಕೂ ಅವರನ್ನೇ ಕೇಳು. ಕೊಯ್ಲು ಹಾಳಾಗುತ್ತದೆ ಅನ್ನುತ್ತೀ. ಹಣ್ಣು ಗಿಡದಲ್ಲೇ ಒಣಗಿದರೆ ಸಾಹುಕಾರರಿಗೆ ನಷ್ಟ, ಅವರು ಇನ್ನೊಬ್ಬರನ್ನು ಕರೆಸುತ್ತಾರೆ. ನೀನು ಒಣಗಿದರೆ ಭುವನಾಳ ಬಾಣಂತನಕ್ಕೆ ಯಾರನ್ನು ಕರೆಸುವುದು?

ಇನ್ನೊಂದು ಮಾತಿದೆ, ನಿನಗೆ ಇದೇ ಕಷ್ಟದ್ದು. ನಿನ್ನದು ಕೊಡುವ ಕೈ. ನನಗೆ ಕೊಟ್ಟ ಹಾಗೆ ನಿಮ್ಮ ಲೈನಿನಲ್ಲಿ ಇನ್ನೂ ಯಾರ್ಯಾರಿಗೋ ಕೊಟ್ಟಿರುತ್ತೀ. ಆ ಮನೆಗಳಿಗೆಲ್ಲ ಹೋಗಿ ಹೇಳಬೇಕು. ಬಾಗಿಲಲ್ಲಿ ನಿಂತು, "ನಾನು ಕೊಟ್ಟದ್ದು ಏನು ಅಂತ ನನಗೇ ಗೊತ್ತಿರಲಿಲ್ಲ, ಹೋಗಿ ತೋರಿಸಿಕೊಳ್ಳಿ" ಅನ್ನಬೇಕು. ನಾಚಿಕೆಯಾಗುತ್ತದೆ. ಆಗಲಿ. ನಾನೂ ನಮ್ಮ ಲೈನಿನಲ್ಲಿ ಹಂಚಿದ್ದೆ, ನಾನೂ ಹೋಗಿ ಹೇಳಿ ಬಂದೆ. ಒಬ್ಬಳು, "ಹೋಗ್ ಅಣ್ಣಮ್ಮಕ್ಕ, ನಿನ್ನ ಮಾತ್ರೆ ಮುಗ್ದಿದೆ, ಅದಕ್ಕೇ ನಮಗೂ ಬೇಡ ಅಂತೀಯ" ಅಂದಳು. ಮತ್ತೆ ಹೋಗಿದ್ದೆ. ಬೈದೆ. ಈಗ ಆಸ್ಪತ್ರೆಗೆ ಹೋಗಿ ಬಂದಿದ್ದಾಳೆ.

ಹೇಳಬೇಕಾದ್ದು ಹೇಳಿದೆ. ಭುವನಾಗೆ ದೊಡ್ಡಮ್ಮ ಕೇಳಿದಳು ಅಂತ ಹೇಳು. ಕೂಸು ಒದೆಯುತ್ತಾ ಇದೆಯಾ ಅಂತ ದಿನಾ ನೋಡಿಕೊಳ್ಳಲಿ.

ಬೈದದ್ದನ್ನು ವಾಪಸ್ಸು ತೆಗೆದುಕೊಳ್ಳದ,
ನಿನ್ನ ಅಕ್ಕ
ಅಣ್ಣಮ್ಮ


ಉಳಿದ ಮಾತು. ಭಾನುವಾರ ಬೆಳಿಗ್ಗೆ.

ಕಾಗದ ಮಡಚಿ ಆಗಿತ್ತು. ನಿನ್ನ ಭಾವ ತೆಗೆದು ಓದಿದರು. ಓದಿ, "ಯಾರೋ ರುಕ್ಮಿಣಮ್ಮನ ಕತೆ ಕೇಳಿ ಯಾರಾದ್ರೂ ಮಾತ್ರೆ ಬಿಡ್ತಾರಾ ಮಾರಾಯ್ತಿ? ಯಶೋದಾ ಅಯ್ಯೋ ಪಾಪ ಅಂತಾಳೆ, ಅರ್ಧ ಮಾತ್ರೆ ಬಾಯಿಗೆ ಹಾಕ್ಕೊಳ್ತಾಳೆ" ಅಂದರು. ಮದುವೆಯಾದ ಮೇಲೆ ಅವರು ಸರಿಯಾಗಿ ಹೇಳಿದ ಮಾತು ಅದೊಂದೇ ಇರಬೇಕು.

ನಮ್ಮ ಲೈನಿನಲ್ಲಿ ರುಕ್ಮಿಣಮ್ಮ ಅಂತ ಯಾರೂ ಇಲ್ಲ.

ಪ್ರಶಾಂತನೂ ನನಗೆ ಏನೂ ಹೇಳಿಲ್ಲ. ಸೋಮವಾರ, ಗುರುವಾರ ಅವನ ಬಸ್ಸಿನಲ್ಲಿ ನಿನ್ನ ಊರಿನ ಮೇಲೆಯೇ ಹೋಗಿ ಬರುತ್ತೇನೆ. ನಿನಗೆ ಹೇಳಬಾರದು ಅಂತ ಅವನಿಂದ ಆಣೆ ಮಾಡಿಸಿಕೊಂಡಿದ್ದೇನೆ, ಪಾಪದವನು, ಬಾಯಿ ಬಿಟ್ಟಿಲ್ಲ. ಆಲ್ದೂರಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಸೆರಗನ್ನು ಮುಖಕ್ಕೆ ಎಳೆದುಕೊಂಡು ಕೂರುತ್ತೇನೆ. ಸೀಮಂತದ ದಿನವೂ ಹಾಗೇ ಹೋದೆ. ನಿಮ್ಮ ಲೈನಿನ ಕಡೆಯಿಂದ ವಾಲಗ ಕೇಳುತ್ತಿತ್ತು. ನೀನು ಮಾತ್ರೆ ಕಚ್ಚಿ ಎರಡು ಮಾಡಿದ್ದನ್ನು ಕಿಟಕಿಯಿಂದ ನಾನೇ ನೋಡಿದೆ. ಕೂಗೋಕೆ ಬಾಯಿ ತೆರೆದೆ, ದನಿ ಬರಲಿಲ್ಲ, ಬಸ್ಸು ಹೊರಟಿತು. ಜೀವಮಾನವೆಲ್ಲ ಊರಿಗೆ ಕೇಳುವ ಹಾಗೆ ಕೂಗಿದವಳಿಗೆ ಅವತ್ತೇ ದನಿ ಬರಲಿಲ್ಲ ನೋಡು.

ಎದೆ ಬಡಿದುಕೊಂಡು ಅಳಬೇಡ. ಇಷ್ಟು ದಿನ ಮುಚ್ಚಿಟ್ಟದ್ದು ನೀನು ಅಳುತ್ತೀ ಅಂತಲೇ. ನೀನು ಕೊಟ್ಟೆ, ನಾನು ಕೈ ಚಾಚಿ ತೆಗೆದುಕೊಂಡೆ. ಬಾಯಿ ನನ್ನದು. ಹೆಸರು ಕೇಳಬೇಕಾದ ಬಾಯಿಯೂ ಅದೇ ಆಗಿತ್ತು.

ಇನ್ನು ಡಬ್ಬಿ ತೆರೆ. ಖಾಲಿ ಕಳಿಸಬಾರದಲ್ಲ. ನನ್ನ ಎಡಗೈಯ ಹಸಿರು ಬಳೆಗಳಿವೆ. ಬಿಗಿಯಾಯಿತು ಅಂದದ್ದು ಸುಳ್ಳು. ರಕ್ತ ತೆಗೆಯೋಕೆ ಆ ಕೈಯಲ್ಲಿ ನರ ಜೋಡಿಸಿದ್ದಾರೆ. ಬಳೆ ಹಾಕಬಾರದು, ಭಾರ ಎತ್ತಬಾರದು. ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತದೆ. ಬಳೆಯನ್ನು ಭುವನಾಗೆ ತೊಡಿಸು.

ಈ ಕಾಗದ, ಡಬ್ಬಿ ಎರಡನ್ನೂ ಇವತ್ತೇ ಪ್ರಶಾಂತನ ಬಸ್ಸಿನಲ್ಲಿ ಕಳಿಸುತ್ತೇನೆ. ನಾಳೆ ಸೋಮವಾರ. ಬೆಳಿಗ್ಗೆ ಬಸ್ಸು ಆಲ್ದೂರಿಗೆ ಬಂದಾಗ ಕಿಟಕಿಯ ಪಕ್ಕ ಇರುತ್ತೇನೆ. ಸೆರಗು ಎಳೆದುಕೊಳ್ಳುವುದಿಲ್ಲ. ನೀನು, ಭುವನಾ, ಆ ಪೊಟ್ಟಣ, ಮೂರೂ ಬಸ್ಸು ಹತ್ತಬೇಕು. ಬರದಿದ್ದರೆ ಇಳಿದು ಬಂದು ನಿಮ್ಮ ಲೈನಿನ ಎದುರಿಗೇ ಬೈಯುತ್ತೇನೆ, ಆವತ್ತಿನ ರಕ್ತ ತೊಳೆಯದಿದ್ದರೂ ಸರಿ.

ಹತ್ತಿದ ಕೂಡಲೇ ಅಭ್ಯಾಸಕ್ಕೆ ಎಡಗೈ ಹಿಡಿಯೋಕೆ ಬರುತ್ತೀ. ಅದನ್ನು ಹಿಡಿಯಬೇಡ.

ಈ ಕಡೆ ಬಂದು ಕೂತು ಬಲಗೈ ಹಿಡಿದುಕೋ.